ಮೆಚ್ಚಿದ ದನಿ, ತನ್ನ ದನಿ

ಹಾಡುಗಾರನೊಬ್ಬನನ್ನು ಮೆಚ್ಚುವುದು ಬೇರೆ, ಅವನ ದನಿಯ ವಶಕ್ಕೆ ಸಿಲುಕುವುದು ಬೇರೆ. ಮೆಚ್ಚುವವನು ತೂಗಿ ನೋಡುತ್ತಾನೆ. ಇದು ಚೆನ್ನ, ಅದು ಸಾಧಾರಣ ಎಂದು ವಿಂಗಡಿಸುತ್ತಾನೆ. ವಶನಾದವನಿಗೆ ಆ ವ್ಯವಧಾನವಿರುವುದಿಲ್ಲ. ನಮ್ಮ ಮುಡಬಿಯ ಕಡೆ ಇಂತಹ ಹುಡುಗನನ್ನು ಕಂಡರೆ ಹಿರಿಯರು 'ಇವ್ಗ ಹಾಡಿನ ಹುಚ್ಚು ಹಿಡ್ದದ' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಆ ಮಾತಿನಲ್ಲಿ ಅರ್ಧ ಬೈಗುಳ, ಅರ್ಧ ಕನಿಕರ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಬೈಗುಳದ ಪಾಲು ಹೆಚ್ಚುತ್ತದೆ. ಕನ್ನಡದಲ್ಲಿ ಇದೇ ಸ್ಥಿತಿಗೆ ಇನ್ನೂ ಒಂದು ಚೆಲುವಾದ ಪದವಿದೆ: ಗುಂಗು. ದುಂಬಿಯ ಝೇಂಕಾರಕ್ಕೂ ಅದೇ ಹೆಸರು, ಮನಸ್ಸನ್ನು ಬಿಡದೆ ಸುತ್ತುವ ಚಿಂತೆಗೂ ಅದೇ ಹೆಸರು. ನಾದಕ್ಕೂ ಮರುಳಿಗೂ ಒಂದೇ ಪದವನ್ನು ಇಟ್ಟ ಭಾಷೆಗೆ ಈ ವಿಷಯದಲ್ಲಿ ನಮ್ಮ ಹಿರಿಯರಿಗಿಂತ ಹೆಚ್ಚಿನ ತಿಳಿವಳಿಕೆ ಇದ್ದಂತೆ ತೋರುತ್ತದೆ.

ಈ ಗುಂಗು ಯಾವಾಗ ಸೃಷ್ಟಿಗೆ ಕಾರಣವಾಗುತ್ತದೆ, ಯಾವಾಗ ಬರಿಯ ಅನುಕರಣೆಯಲ್ಲಿ ಬತ್ತಿಹೋಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಪ್ರಶ್ನೆ ಕೇವಲ ಸಂಗೀತದ್ದಲ್ಲ. ಹದಿಹರೆಯದ ಮಗನ ಅಥವಾ ಮಗಳ ಅಭಿಮಾನವನ್ನು ಮನೆಯವರು ಹೇಗೆ ಕಾಣಬೇಕು ಎಂಬುದೂ ಅದರಲ್ಲಿ ಅಡಗಿದೆ. ಉತ್ತರವನ್ನು ಹುಡುಕಲು ದೂರ ಹೋಗಬೇಕಾದ ಅಗತ್ಯವಿಲ್ಲ. ಉತ್ತರ ಕರ್ನಾಟಕದ ಸಂಗೀತ ಚರಿತ್ರೆಯೇ ಅಭಿಮಾನಿ ಬಾಲಕರ ಚರಿತ್ರೆಯಾಗಿದೆ.

ಅವರಲ್ಲಿ ಎಲ್ಲರಿಗೂ ತಿಳಿದ ಬಾಲಕನ ಕಥೆಯನ್ನೇ ಮೊದಲು ತೆಗೆದುಕೊಳ್ಳೋಣ. ಭೀಮಸೇನ ಜೋಶಿಯವರು ಹುಟ್ಟಿದ್ದು 1922ರ ಫೆಬ್ರವರಿ 4ರಂದು. ತಂದೆ ಗುರುರಾಜ ಜೋಶಿಯವರು ಗದಗಿನಲ್ಲಿ ಶಾಲಾ ಮಾಸ್ತರರು. ಹದಿನಾರು ಮಕ್ಕಳ ಮನೆಯಲ್ಲಿ ಭೀಮಸೇನನೇ ಹಿರಿಯ. ಬೀದಿಯಲ್ಲಿ ವಾದ್ಯದವರ ಮೆರವಣಿಗೆ ಹೊರಟರೆ ಹುಡುಗ ಅದರ ಹಿಂದೆಯೇ ನಡೆದು, ಎಲ್ಲಿಯೋ ದಣಿದು ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ ಕೊನೆಗೆ ಅವನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರು. ಕಂಡವರು ಮನೆಗೆ ತಂದು ಬಿಡತೊಡಗಿದರು. ಈ ಪ್ರಸಂಗವನ್ನು ಹೇಳುವವರೆಲ್ಲ ನಗುತ್ತಲೇ ಹೇಳುತ್ತಾರೆ. ನನಗೆ ಆ ತಂದೆಯ ವಿವೇಕ ದೊಡ್ಡದಾಗಿ ಕಾಣುತ್ತದೆ. ಅವರು ಮಗನ ಕಾಲಿಗೆ ಹಗ್ಗ ಕಟ್ಟಲಿಲ್ಲ. ಕಳೆದುಹೋದರೂ ಮರಳಿ ಬರುವ ದಾರಿಯನ್ನು ಅಂಗಿಯ ಮೇಲೆಯೇ ಬರೆದುಕೊಟ್ಟರು.

ಗದಗಿನಲ್ಲಿ ಆ ಹುಡುಗನ ಕಿವಿಗೆ ಬಿದ್ದದ್ದು ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ಪ್ಲೇಟು. ಝಿಂಝೋಟಿ ರಾಗದ ಒಂದು ಠುಮ್ರಿ. ಆ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಬೆಳೆಯುವ ಸಂಗೀತವನ್ನು ಮೂರು ನಿಮಿಷಕ್ಕೆ ಕುಗ್ಗಿಸಿ ಹಾಡುವುದು ಹಾಡುಗಾರನಿಗೆ ಕಷ್ಟದ ಕೆಲಸ. ಆದರೆ ಬಾಲಕನ ಮಟ್ಟಿಗೆ ಆ ಕುಗ್ಗುವಿಕೆಯೇ ಉಪಕಾರವಾಯಿತೆಂದು ಊಹಿಸಬಹುದು. ಇಡೀ ರಾತ್ರಿಯ ಕಚೇರಿಯನ್ನು ಹತ್ತು ವರ್ಷದ ಹುಡುಗ ನೆನಪಿನಲ್ಲಿ ಹೊತ್ತುಕೊಂಡು ಮನೆಗೆ ಹೋಗಲಾರ. ಮೂರು ನಿಮಿಷದ ಠುಮ್ರಿಯನ್ನು ಹೊತ್ತುಕೊಂಡು ಹೋಗಬಲ್ಲ. ಅದು ಮುಗಿದೊಡನೆ ಇನ್ನೂ ಬೇಕೆಂಬ ಹಸಿವು ಉಳಿಯುತ್ತದೆ. ಆ ಹಸಿವು ತೀರಬೇಕಾದರೆ ಒಂದೋ ಮತ್ತೆ ಪ್ಲೇಟು ಹಚ್ಚುವವರನ್ನು ಕಾಯಬೇಕು, ಇಲ್ಲವೇ ತಾನೇ ಹಾಡಿಕೊಳ್ಳಬೇಕು.

1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಹುಡುಗ ಮನೆ ಬಿಟ್ಟ. ಊಟದಲ್ಲಿ ಇನ್ನಷ್ಟು ತುಪ್ಪ ಬಡಿಸಲಿಲ್ಲವೆಂದು ತಾಯಿಯ ಮೇಲೆ ಮುನಿದು ಹೊರಟನೆಂಬ ಕಥೆ ಪ್ರಸಿದ್ಧವಾಗಿದೆ. ತುಪ್ಪದ ಕಥೆಯನ್ನು ಬರೆಯುವವರು ಬಹಳ ಪ್ರೀತಿಯಿಂದ ಬರೆಯುತ್ತಾರೆ. ಅದು ನಿಜವೇ ಇರಬಹುದು. ಆದರೆ ತುಪ್ಪಕ್ಕಾಗಿ ಮುನಿದ ಮಕ್ಕಳು ಸಂಜೆಗೆ ಮನೆಗೆ ಬರುತ್ತಾರೆ, ಗ್ವಾಲಿಯರಿಗೆ ಹೋಗುವುದಿಲ್ಲ. ಟಿಕೀಟಿಲ್ಲದೆ ರೈಲು ಹತ್ತಿ, ಸಹಪ್ರಯಾಣಿಕರ ಮುಂದೆ ಹಾಡಿ, ಅವರ ಕರುಣೆಯಿಂದ ಹೊಟ್ಟೆ ಹೊರೆದುಕೊಂಡು ಆ ಬಾಲಕ ವಿಜಾಪುರ, ಗ್ವಾಲಿಯರ್, ಲಖನೌ, ರಾಮಪುರ, ಕಲಕತ್ತೆ ಎಂದು ಗುರುವನ್ನು ಅರಸುತ್ತ ಅಲೆದ. ಕೊನೆಗೆ ಜಾಲಂಧರದಲ್ಲಿ ತಂದೆ ಅವನನ್ನು ಪತ್ತೆಹಚ್ಚಿ ಮನೆಗೆ ಕರೆತಂದರು. ಇಡೀ ಉತ್ತರ ಭಾರತ ಸುತ್ತಿದವನಿಗೆ ಬೇಕಾಗಿದ್ದ ಗುರು ಸಿಕ್ಕಿದ್ದು ಮಾತ್ರ ಮನೆಯ ಪಕ್ಕದ ಕುಂದಗೋಳದಲ್ಲಿ. ಅವರೇ ರಾಮಭಾವು ಕುಂದಗೋಳಕರ, ಅರ್ಥಾತ್ ಸವಾಯಿ ಗಂಧರ್ವರು. ಅಬ್ದುಲ್ ಕರೀಂ ಖಾನರ ನೇರ ಶಿಷ್ಯರು.

1936ರಲ್ಲಿ ಶಿಷ್ಯತ್ವ ದೊರೆಯಿತು. ಗುರುವಿನ ಮನೆಯಲ್ಲಿ ನೀರು ಹೊರುವುದು ಮೊದಲಾದ ಚಾಕರಿ. ಪಾಠವೆಂದರೆ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ವರ್ಷಗಟ್ಟಲೆ ಇವುಗಳನ್ನೇ ತೀಡಿದರೆಂದು ಹೇಳುತ್ತಾರೆ. ಇಲ್ಲಿ ವಿಮರ್ಶಕ ನಿಲ್ಲಬೇಕಾದ ಒಂದು ಸ್ಥಳವಿದೆ. ಹುಡುಗ ಮನೆ ಬಿಟ್ಟದ್ದು ಒಂದು ಠುಮ್ರಿಯ ಮಾಧುರ್ಯಕ್ಕಾಗಿ. ಸಿಕ್ಕಿದ್ದು ಮೂರು ರಾಗಗಳ ಮುಗಿಯದ ತಾಲೀಮು. ಅಭಿಮಾನ ಕೇಳಿದ್ದು ಹಣ್ಣು. ಗುರು ಕೊಟ್ಟದ್ದು ಬೀಜ ಮತ್ತು ಗುದ್ದಲಿ. ಎಷ್ಟೋ ಅಭಿಮಾನಿಗಳ ಪ್ರಯಾಣ ಈ ಹಂತದಲ್ಲಿ ಮುಗಿದುಹೋಗುತ್ತದೆ. ತಾನು ಮೆಚ್ಚಿದ ಹಾಡನ್ನು ಹಾಡಗೊಡದ ಗುರುವನ್ನು ಬಿಟ್ಟು, ಮತ್ತೆ ಪ್ಲೇಟಿನ ಮುಂದೆ ಹೋಗಿ ಕುಳಿತುಕೊಳ್ಳುತ್ತಾರೆ.

ಭೀಮಸೇನರ ಪ್ರೌಢ ಗಾಯನವನ್ನೂ ಅಬ್ದುಲ್ ಕರೀಂ ಖಾನರ ಉಳಿದಿರುವ ಧ್ವನಿಮುದ್ರಿಕೆಗಳನ್ನೂ ಒಂದರ ಬಳಿಕ ಒಂದರಂತೆ ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಇಬ್ಬರ ದನಿಗಳಲ್ಲಿ ಹೋಲಿಕೆಯೇ ಇಲ್ಲ. ಖಾನ್ ಸಾಹೇಬರದು ತೆಳುವಾದ, ಎತ್ತರದ ಶ್ರುತಿಯ, ಕಂಬನಿ ತುಂಬಿದಂತಹ ದನಿ. ರೇಷ್ಮೆಯ ಎಳೆಯಂತೆ ಕಡಿಯದೆ ಸಾಗುವಂಥದು. ಭೀಮಸೇನರದು ಅಗಲವಾದ, ಗುಡುಗುವ, ಸಭಾಂಗಣದ ಗೋಡೆಗಳನ್ನು ತಟ್ಟಿ ಬರುವ ಕಂಠ. ಖಾನ್ ಸಾಹೇಬರು ಬೇಡುತ್ತಾರೆ; ಭೀಮಸೇನರು ಬೇಡುವಾಗಲೂ ಬಾಗಿಲು ಬಡಿಯುತ್ತಾರೆ. ಹಾಗಾದರೆ ಆ ಮೂರು ನಿಮಿಷದ ಪ್ಲೇಟಿನಿಂದ ಹುಡುಗ ತಂದದ್ದಾದರೂ ಏನು?

ನನ್ನ ತಿಳಿವಳಿಕೆಯಂತೆ, ತಂದದ್ದು ಸ್ವರದ ಬಗೆಗಿನ ಒಂದು ನಂಬಿಕೆಯನ್ನು. ಕಿರಾಣಾ ಘರಾಣೆಯಲ್ಲಿ ರಾಗದ ಬೆಳವಣಿಗೆ ಅವಸರದಿಂದ ಆಗುವುದಿಲ್ಲ. ಒಂದೊಂದು ಸ್ವರದ ಮೇಲೂ ನಿಂತು, ಅದನ್ನು ಸುತ್ತಿ, ಅದರ ನೆರೆಹೊರೆಯನ್ನೆಲ್ಲ ಕಂಡು, ಬಳಿಕ ಮುಂದಿನ ಸ್ವರಕ್ಕೆ ಹೆಜ್ಜೆಯಿಡಬೇಕು. ಲಯದ ಚಮತ್ಕಾರಕ್ಕಿಂತ ಸ್ವರದ ಸತ್ಯ ದೊಡ್ಡದು ಎಂಬ ನಿಲುವು ಅದು. ಭೀಮಸೇನರು ವಿಲಂಬಿತ ಏಕತಾಳದಲ್ಲಿ ರಾಗವನ್ನು ಬಿಡಿಸುತ್ತ ಹೋಗುವಾಗ, ಷಡ್ಜದಿಂದ ನಿಷಾದದವರೆಗೆ ಬಂದು ಮೇಲಿನ ಷಡ್ಜವನ್ನು ಮುಟ್ಟದೆ ಕಾಯಿಸುವಾಗ, ಕೇಳುವುದು ಖಾನ್ ಸಾಹೇಬರ ದನಿಯಲ್ಲ, ಅವರ ತಾಳ್ಮೆ. ಹಾಗೆ ಬೆಳೆಸಿದ ರಾಗ ಕೊನೆಗೆ ತಾನುಗಳ ಬಿರುಮಳೆಯಲ್ಲಿ ಒಡೆಯುತ್ತದಲ್ಲ, ಅದು ಮಾತ್ರ ಬೇರೆ ಬೇರೆ ಬಾವಿಗಳಿಂದ ಸೇದಿ ತಂದ ನೀರು. ಕೇಸರಬಾಯಿ ಕೇರಕರ, ಅಮೀರ್ ಖಾನ್, ಬೇಗಂ ಅಖ್ತರ್ ಇವರೆಲ್ಲರ ಪ್ರಭಾವ ಅವರ ಮೇಲಿತ್ತು. ಒಬ್ಬರನ್ನು ಗಾಢವಾಗಿ ಮೆಚ್ಚಿದವನ ಕಿವಿ ಕ್ರಮೇಣ ಹಲವರಿಗೆ ತೆರೆದುಕೊಳ್ಳುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ. ಕಲಾವತಿ ಮತ್ತು ರಾಗೇಶ್ರೀಗಳನ್ನು ಬೆಸೆದು ಅವರು 'ಕಲಾಶ್ರೀ' ಎಂಬ ರಾಗವನ್ನೂ ರಚಿಸಿದರು. ಗುರುವಿನ ಹೆಸರಿನಲ್ಲಿ 1953ರಿಂದ ಪುಣೆಯಲ್ಲಿ ನಡೆಸಿಕೊಂಡು ಬಂದ ಸಂಗೀತೋತ್ಸವವೂ ಒಂದು ಬಗೆಯ ರಚನೆಯೇ. ಅಲ್ಲಿ ಅಭಿಮಾನವು ಸಂಸ್ಥೆಯ ರೂಪವನ್ನು ತಾಳಿತು. 2008ರಲ್ಲಿ ಭಾರತರತ್ನ ಬಂತು. 2011ರ ಜನವರಿ 24ರಂದು ಅವರು ತೀರಿಕೊಂಡರು.

ಭೀಮಸೇನರ ಕಥೆಯನ್ನೇ ಮಾದರಿಯಾಗಿಟ್ಟುಕೊಂಡರೆ ಅಪಾಯವೂ ಇದೆ. ಅನುಕರಣೆ ಮಾಡಬಾರದು, ಗುರುವನ್ನು ಹುಡುಕಬೇಕು ಎಂದು ಸುಲಭವಾದ ಸೂತ್ರ ಹೊರಡಿಸಿಬಿಡಬಹುದು. ಆ ಸೂತ್ರವನ್ನು ಮುರಿಯುವುದಕ್ಕೆಂದೇ ಕುಮಾರ ಗಂಧರ್ವರು ಇದ್ದಾರೆ.

ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರಪ್ಪ ಕೊಂಕಾಳಿಮಠ ಎಂಬ ಬಾಲಕನ ಪ್ರತಿಭೆಯೇ ಅನುಕರಣೆ. ದೊಡ್ಡ ಉಸ್ತಾದರ ಪ್ಲೇಟುಗಳನ್ನು ಕೇಳಿ, ಅವರ ಮುರಕಿ, ತಾನು, ಉಸಿರು ತೆಗೆದುಕೊಳ್ಳುವ ಜಾಗ ಇವನ್ನೆಲ್ಲ ಕೂದಲೆಳೆಯಷ್ಟೂ ತಪ್ಪದೆ ಆ ಹುಡುಗ ಹಾಡಿಬಿಡುತ್ತಿದ್ದ. ಸ್ವಾಮಿಗಳೊಬ್ಬರು 'ಕುಮಾರ ಗಂಧರ್ವ' ಎಂಬ ಬಿರುದು ಕೊಟ್ಟರು, ಬಿರುದೇ ಹೆಸರಾಯಿತು. ಹತ್ತು-ಹನ್ನೆರಡರ ವಯಸ್ಸಿಗೆ ಮುಂಬಯಿಯ ರಸಿಕರು ಬೆರಗಾಗುವಂತಹ ಖ್ಯಾತಿ. ಅಂದಿನ ಯಾವುದೇ ಎಚ್ಚರಿಕೆಯ ವಿಮರ್ಶಕ, ಈ ಮಗುವಿಗೆ ಸ್ವಂತದ್ದೇನೂ ಇಲ್ಲ, ಗಂಟಲು ಒಡೆದಾಗ ಈ ಆಟ ಮುಗಿಯುತ್ತದೆ ಎಂದು ಬರೆದಿದ್ದರೆ ಅವನನ್ನು ತಪ್ಪೆನ್ನಲಾಗುತ್ತಿರಲಿಲ್ಲ.

ಹಾಗಾಗಲಿಲ್ಲ. ಅದಕ್ಕೆ ಒಂದು ಕಾರಣ, ಮುಂಬಯಿಯಲ್ಲಿ ಸಿಕ್ಕ ಗುರು ಬಿ. ಆರ್. ದೇವಧರರ ಉದಾರವಾದ ಪಾಠಕ್ರಮ. ಒಂದೇ ಘರಾಣೆಯ ಗೋಡೆಯೊಳಗೆ ಶಿಷ್ಯನನ್ನು ಕೂಡಿಹಾಕದೆ, ನಾನಾ ಗಾಯಕರ ನಾನಾ ಪದ್ಧತಿಗಳನ್ನು ಕೇಳಿ, ಏಕೆ ಹಾಗೆ ಹಾಡುತ್ತಾರೆ ಎಂದು ಯೋಚಿಸಲು ಕಲಿಸಿದವರು ಅವರು. ಅನುಕರಿಸುವವನ ಕಿವಿಗೆ 'ಹೇಗೆ' ಎಂಬುದು ತಾನಾಗಿಯೇ ಗೊತ್ತಾಗುತ್ತದೆ. 'ಏಕೆ' ಎಂಬ ಪ್ರಶ್ನೆಯನ್ನು ಯಾರಾದರೂ ಹಾಕಿಕೊಡಬೇಕು. ಇನ್ನೊಂದು ಕಾರಣ ಬಹಳ ಕಠೋರವಾದದ್ದು. ಕ್ಷಯರೋಗ ತಗುಲಿ, 1948ರಲ್ಲಿ ಒಣ ಹವೆಯ ದೇವಾಸಕ್ಕೆ ಹೋಗಿ ನೆಲೆಸಿದ ತರುಣ ಗಾಯಕ ವರ್ಷಗಳ ಕಾಲ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಕೇಳಿದ್ದು ಮಾಳವದ ಹೆಂಗಸರ ಹಾಡು, ಭಿಕ್ಷುಕರ ನಿರ್ಗುಣ ಪದಗಳು. ಹೆಸರಿಲ್ಲದವರ ಹಾಡು! ಪ್ರಸಿದ್ಧರನ್ನೆಲ್ಲ ಯಥಾವತ್ತಾಗಿ ಹಾಡಬಲ್ಲವನಾಗಿದ್ದ ಗಂಟಲು ಸುಮ್ಮನಾದ ಮೇಲೆ, ಅದೇ ಕಿವಿ ಅಪ್ರಸಿದ್ಧರನ್ನು ಕೇಳತೊಡಗಿತು. 1953ರ ಸುಮಾರಿಗೆ ವೇದಿಕೆಗೆ ಮರಳಿದಾಗ ಅವರು ಯಾರಂತೆಯೂ ಹಾಡಲಿಲ್ಲ. ರೋಗ ಉಸಿರನ್ನು ಕುಗ್ಗಿಸಿತ್ತು. ಉದ್ದನೆಯ ತಾನುಗಳ ಬದಲು ಚಿಕ್ಕ ಚಿಕ್ಕ ನುಡಿಗಳು, ನಡುನಡುವೆ ತುಂಬಿದ ಮೌನ. ಜನಪದ ಧಾಟಿಗಳಿಂದ ಅವರು ಕಟ್ಟಿದ ಹೊಸ ರಾಗಗಳು, 'ಅನೂಪರಾಗವಿಲಾಸ'ದಲ್ಲಿ ಸೇರಿದ ಬಂದಿಶುಗಳು, ಕಬೀರನ ನಿರ್ಗುಣ ಭಜನೆಗಳು ಇವೆಲ್ಲ ಆ ಮೌನದ ಫಲ.

ಆದರೆ ಈ ಲೇಖನಕ್ಕೆ ಅವರ ಇನ್ನೊಂದು ಕೃತಿ ಹೆಚ್ಚು ಮುಖ್ಯ. ಮರಾಠಿ ರಂಗಭೂಮಿಯ ಮಹಾನ್ ಗಾಯಕ ನಟ ಬಾಲಗಂಧರ್ವರ ಮೇಲೆ ಅವರಿಗಿದ್ದ ಪ್ರೀತಿ ದೊಡ್ಡದು. ಪ್ರೌಢರಾದ ಮೇಲೆ ಕುಮಾರರು ಒಂದು ಕಾರ್ಯಕ್ರಮವನ್ನೇ ರೂಪಿಸಿದರು. ಅದರ ಹೆಸರಿನ ಅರ್ಥ 'ನನಗೆ ತಿಳಿದ ಬಾಲಗಂಧರ್ವ' ಎಂದು. ಆ ಹೆಸರಿನಲ್ಲೇ ಒಂದು ವಿಮರ್ಶಾ ಸಿದ್ಧಾಂತ ಅಡಗಿದೆ. ಬಾಲ್ಯದಲ್ಲಾಗಿದ್ದರೆ ಅವರು ಬಾಲಗಂಧರ್ವರನ್ನು ಇದ್ದಂತೆಯೇ ಹಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಈಗ ಹಾಡುತ್ತಿರುವುದು 'ತಿಳಿದ' ಬಾಲಗಂಧರ್ವನನ್ನು. ಎರಡರ ನಡುವೆ ಇರುವುದು ಒಂದು ಇಡೀ ಬದುಕು. ಅನುಕರಣೆಯನ್ನು ದಾಟಿದವರು ಅಭಿಮಾನವನ್ನು ಬಿಟ್ಟುಕೊಡಬೇಕಾಗಿಲ್ಲ. ಅದು ಅರ್ಥೈಸುವಿಕೆಯಾಗಿ ಮರಳಿ ಬರುತ್ತದೆ. ಹಿಂದಿಯ ಕವಿ ಅಶೋಕ ವಾಜಪೇಯಿಯವರು 1992ರಲ್ಲಿ ಕುಮಾರರು ತೀರಿಕೊಂಡ ಮೇಲೆ ಅವರನ್ನು ಕುರಿತು ಕವಿತೆಗಳ ಒಂದು ಗುಚ್ಛವನ್ನೇ ಬರೆದರು. ಹೀಗೆ ಒಬ್ಬ ಗಾಯಕನ ಮೇಲಿನ ಮೆಚ್ಚುಗೆ ಇನ್ನೊಬ್ಬನಲ್ಲಿ ಹಾಡಾಗಿ, ಮತ್ತೊಬ್ಬನಲ್ಲಿ ಕಾವ್ಯವಾಗಿ ಹರಿಯಿತು.

ಗಂಗೂಬಾಯಿ ಹಾನಗಲ್ಲರ ಬಾಲ್ಯದಲ್ಲೂ ಗ್ರಾಮೊಫೋನಿನ ದನಿ ಕೇಳಿದೊಡನೆ ಬೀದಿಗೆ ಓಡಿದ ನೆನಪಿದೆ. ಅವರ ಕಥೆಯಲ್ಲಿ ನನ್ನನ್ನು ಕಾಡುವುದು ಮಗಳಿಗಿಂತ ತಾಯಿ. ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಅಬ್ದುಲ್ ಕರೀಂ ಖಾನರೂ ಬಂದು ಕೇಳಿದ ಹಾಡುಗಾರಿಕೆ ಅವರದು. ಮಗಳ ಮನಸ್ಸು ಹಿಂದೂಸ್ತಾನಿಯತ್ತ ತಿರುಗಿದ್ದನ್ನು ಕಂಡು, ಆ ಎಳೆಯ ಕಿವಿಯಲ್ಲಿ ಎರಡು ಪದ್ಧತಿಗಳು ಕಲಬೆರಕೆಯಾಗಬಾರದೆಂದು ಆಕೆ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಮಕ್ಕಳ ಅಭಿಮಾನವನ್ನು ಇಷ್ಟು ಗಂಭೀರವಾಗಿ ಪರಿಗಣಿಸಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಇದನ್ನು ತ್ಯಾಗವೆಂದು ಹೊಗಳುವುದು ಸುಲಭ. ಆ ಮನೆಯಲ್ಲಿ ಒಂದು ಹಾಡು ನಿಂತುಹೋಯಿತಲ್ಲ ಎಂಬ ನೋವನ್ನೂ ಅದರ ಪಕ್ಕದಲ್ಲಿಯೇ ಇಡಬೇಕು.

ಸಿನಿಮಾ ಹಾಡಿನ ಲೋಕ ಇದಕ್ಕಿಂತ ಬೇರೆ, ಅಲ್ಲಿ ಅನುಕರಣೆಯೇ ಬಂಡವಾಳ ಎಂದು ಹಲವರು ತಿಳಿದಿದ್ದಾರೆ. ಅದೂ ಪೂರ್ತಿ ನಿಜವಲ್ಲ. ಕೆ. ಎಲ್. ಸೈಗಲ್ಲರ ಗುಂಗು ಒಂದು ಇಡೀ ತಲೆಮಾರನ್ನು ಹಿಡಿದಿತ್ತು. 1945ರಲ್ಲಿ ಬಂದ 'ಪಹಲೀ ನಜರ್' ಚಿತ್ರಕ್ಕಾಗಿ ಮುಕೇಶ್ ಹಾಡಿದ ಹಾಡನ್ನು ಕೇಳಿ, ಇದನ್ನು ತಾನೆಂದು ಹಾಡಿದೆ ಎಂದು ಸ್ವತಃ ಸೈಗಲ್ಲರೇ ತಬ್ಬಿಬ್ಬಾದರಂತೆ. ಕಿಶೋರ್ ಕುಮಾರರ ಮೊದಲ ಹಾಡುಗಳಲ್ಲೂ ಸೈಗಲ್ಲರದೇ ನೆರಳು. ಅದನ್ನು ಬಿಟ್ಟು ತನ್ನದೇ ರೀತಿಯಲ್ಲಿ ಹಾಡು ಎಂದು ಅವರಿಗೆ ತಿದ್ದಿ ಹೇಳಿದವರು ಸಂಗೀತ ನಿರ್ದೇಶಕ ಎಸ್. ಡಿ. ಬರ್ಮನ್. ಮುಂದೆ ಮುಕೇಶರಿಗೂ ಕಿಶೋರರಿಗೂ ಎಲ್ಲಿಂದ ಎಲ್ಲಿಗೆ! ಒಂದೇ ಬೇರಿನಿಂದ ಎದ್ದ ಎರಡು ಮರಗಳ ನೆರಳು ಬೇರೆ ಬೇರೆ ಹೊಲಗಳ ಮೇಲೆ ಬಿತ್ತು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ತಮ್ಮ ಆರಾಧ್ಯ ಗಾಯಕ ಮಹಮ್ಮದ್ ರಫಿ ಎಂದು ಜೀವನವಿಡೀ ಹೇಳುತ್ತಿದ್ದರು. ರಫಿಯವರ ನಕಲು ಅವರ ಹಾಡಿನಲ್ಲಿ ಎಲ್ಲಿಯೂ ಸಿಕ್ಕುವುದಿಲ್ಲ. ಆದರೆ ಹಾಡಿನ ಪಾತ್ರದ ಮನಸ್ಸನ್ನು ದನಿಯಲ್ಲೇ ನಟಿಸಿ ತೋರಿಸುವ ಕಲೆಯಲ್ಲಿ ಆ ಋಣ ಕಾಣುತ್ತದೆ. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯದ ಅವರು 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದ ಹಾಡಿಗೆ 1995ರ ಸಾಲಿನ ರಾಷ್ಟ್ರ ಪ್ರಶಸ್ತಿಯನ್ನು ಪಡೆದರು.

ಬಾಲಸುಬ್ರಹ್ಮಣ್ಯಂ ಅವರ ಹೆಸರು ಬಂದ ಮೇಲೆ ಈ ಶತಮಾನದ ಮೊದಲ ದಶಕದಲ್ಲಿ ಅವರು ನಡೆಸಿಕೊಟ್ಟ 'ಎದೆ ತುಂಬಿ ಹಾಡುವೆನು' ದೂರದರ್ಶಕ ಕಾರ್ಯಕ್ರಮವನ್ನು ನೆನೆಯದಿರಲಾಗದು. ನಾಡಿನ ಮೂಲೆಮೂಲೆಯ ಮಕ್ಕಳು ಹಾಡಬಹುದೆಂದು ಕನಸು ಕಂಡದ್ದು ಆಗ. ಅದರ ಬೆನ್ನಿಗೆ ಎಷ್ಟೋ ಸ್ಪರ್ಧೆಗಳು ಬಂದವು. ಒಟ್ಟಾರೆ ಈ ಸ್ಪರ್ಧೆಗಳ ಬಗ್ಗೆ ನನಗೊಂದು ತಕರಾರಿದೆ. ಮೂಲ ಹಾಡುಗಾರನಿಗೆ ಎಷ್ಟು ಹತ್ತಿರ ಬಂದೆ ಎಂಬುದೇ ಅಲ್ಲಿ ಅಳತೆಗೋಲು. ಹಿನ್ನೆಲೆ ವಾದ್ಯ ಮೊದಲೇ ಸಿದ್ಧವಾಗಿರುತ್ತದೆ. ಎಲ್ಲಿ ಉಸಿರು, ಎಲ್ಲಿ ನಗು, ಎಲ್ಲಿ ಗದ್ಗದ ಎಂಬುದೆಲ್ಲ ಮೂಲದಲ್ಲೇ ನಿಗದಿಯಾಗಿರುತ್ತದೆ. ಅದನ್ನು ತಪ್ಪದೆ ಒಪ್ಪಿಸಿದ ಮಗುವಿಗೆ ಬಹುಮಾನ. ಬಾಲಕ ಕುಮಾರ ಗಂಧರ್ವನೂ ಗೆದ್ದದ್ದು ಇದೇ ಬಹುಮಾನವನ್ನು. ಆದರೆ ಅವನಿಗೆ ಆಮೇಲೆ ದೇವಧರರ ಶಾಲೆ ಇತ್ತು. ಸ್ಪರ್ಧೆಯಲ್ಲಿ ಗೆದ್ದ ಹುಡುಗನಿಗೆ ಆಮೇಲೆ ಇರುವುದು ಗಣೇಶೋತ್ಸವದ ಆರ್ಕೆಸ್ಟ್ರಾ. ಆರ್ಕೆಸ್ಟ್ರಾದಲ್ಲಿ ಹಾಡುವುದು ಕೀಳೆಂದು ನಾನು ಹೇಳುತ್ತಿಲ್ಲ. ಅಲ್ಲಿ ಅವನನ್ನು ಕರೆಯುವುದೇ ಮತ್ತೊಬ್ಬರ ಹೆಸರಿನಿಂದ ಎಂಬುದು ನನ್ನ ದುಃಖ.

ಬರವಣಿಗೆಯ ಲೋಕದಲ್ಲಿ ಈ ಅಭಿಮಾನ ಕೊಟ್ಟ ಬೆಳೆ ನಮ್ಮಲ್ಲಿ ಸ್ವಲ್ಪ ಕಡಿಮೆ. ಅ. ನ. ಕೃಷ್ಣರಾಯರ 'ಸಂಧ್ಯಾರಾಗ' ಸಂಗೀತಗಾರನ ಬದುಕನ್ನು ಕಾದಂಬರಿಯ ಕೇಂದ್ರಕ್ಕೆ ತಂದಿತು. ಅದು 1966ರಲ್ಲಿ ಚಲನಚಿತ್ರವಾದಾಗ ಭೀಮಸೇನ ಜೋಶಿಯವರೇ ಅದಕ್ಕೆ ಹಾಡಿದರು. ಮಲ್ಲಿಕಾರ್ಜುನ ಮನಸೂರರ ಆತ್ಮಕಥೆ 'ನನ್ನ ರಸಯಾತ್ರೆ'ಯಂತಹ ಪುಸ್ತಕ ಯಾವ ಭಾಷೆಗಾದರೂ ಹೆಮ್ಮೆ. ತಾನು ಆಗಲೇ ಪ್ಲೇಟು ಕೊಟ್ಟು ಹೆಸರು ಮಾಡಿದ್ದ ಗಾಯಕ. ಆದರೂ ಮಂಜೀ ಖಾನರ ಹಾಡು ಕೇಳಿ, ಮತ್ತೆ ಮೊದಲಿನಿಂದ ಶಿಷ್ಯನಾಗಿ ಕುಳಿತ ಆ ವಿನಯ ಓದುಗನನ್ನು ಬೆರಗುಗೊಳಿಸುತ್ತದೆ. ರಹಮತ್ ತರೀಕೆರೆಯವರು ಅಮೀರಬಾಯಿ ಕರ್ನಾಟಕಿಯವರನ್ನು ಕುರಿತು ಬರೆದ ಪುಸ್ತಕವೂ ಇದೆ. ಇವನ್ನು ಬಿಟ್ಟರೆ ಗಾಯಕರ ಮೇಲೆ ಕನ್ನಡದಲ್ಲಿ ಬಂದಿರುವುದು ಬಹುಮಟ್ಟಿಗೆ ಅಭಿನಂದನಾ ಗ್ರಂಥಗಳು. ಅವುಗಳಲ್ಲಿ ನಾದಬ್ರಹ್ಮ, ಗಾನಗಂಗೆ, ಸ್ವರಸಾಮ್ರಾಟ ಎಂಬ ಮಾತುಗಳು ಸಾಲುಗಟ್ಟಿ ನಿಲ್ಲುತ್ತವೆ. ಆ ಗಾಯಕ ಹಾಡಿದ್ದಾದರೂ ಏನು, ಅದು ಕೇಳುವವನಿಗೆ ಏನು ಮಾಡಿತು ಎಂಬುದು ತಿಳಿಯದೆ ಪುಸ್ತಕ ಮುಗಿಯುತ್ತದೆ. ವಿಶೇಷಣಗಳಲ್ಲಿ ಖರ್ಚಾಗಿಹೋದ ಅಭಿಮಾನ ಕೃತಿಯಾಗುವುದಿಲ್ಲ.

ಇನ್ನು ನಮ್ಮ ಸೀಮೆಯ ಮಾತು. ಮುಡಬಿ, ಬಸವಕಲ್ಯಾಣ, ಹುಮನಾಬಾದಗಳ ಈ ಪ್ರದೇಶದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತಲೇ ಮಕ್ಕಳು ಬೆಳೆಯುತ್ತಾರೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ನೆಲಕ್ಕೆ ಧಾರವಾಡದ ಸಂಗೀತ ನೆರೆಮನೆಯದಾಗಿರಲಿಲ್ಲ. ಆದರೆ ಇಲ್ಲಿ ಬೇರೆಯದೇ ಸಂಪತ್ತಿತ್ತು. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ರಚಿಸಿದರು. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ದತ್ತಜಯಂತಿಯ ಸಂಗೀತ ದರಬಾರಿನ ಸಂಪ್ರದಾಯ ಬೆಳೆದುಬಂದಿದೆ. ಊರೂರಿನಲ್ಲಿ ಭಜನೆಯ ಮೇಳಗಳು; ಹಾರ್ಮೋನಿಯಂ, ತಬಲಾ, ತಾಳ, ಏಕತಾರಿಗಳ ಜೊತೆ ರಾತ್ರಿಯಿಡೀ ನಡೆಯುವ ತತ್ವಪದಗಳು. ಪಕ್ಕದಲ್ಲಿ ಅಭಂಗ, ಅದರ ಪಕ್ಕದಲ್ಲಿ ಕವ್ವಾಲಿ.

1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಬೆಳಗಿನ ಹೊತ್ತು ವಚನಗಳು ರೇಡಿಯೋದಿಂದ ಮನೆಯೊಳಗೆ ಬರತೊಡಗಿದವು. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಹುಟ್ಟಿದ ನುಡಿಗಳು, ಎಂಟು ನೂರು ವರ್ಷಗಳ ಮೇಲೆ ಮನಸೂರರ ಕಂಠದಲ್ಲಿ ರಾಗ ಧರಿಸಿ ಹುಟ್ಟೂರಿಗೆ ಮರಳಿದಂತಾಯಿತು. ಆ ದನಿ ಇಲ್ಲಿಯ ಭಜನೆಯವರ ಮೇಲೆ ಏನು ಮಾಡಿತು ಎಂಬುದನ್ನು ಯಾರಾದರೂ ಕುಳಿತು ದಾಖಲಿಸಬೇಕು. ಶಾಸ್ತ್ರದ ಪರಿಚಯವಿಲ್ಲದ ಭಜನೆಕಾರರು ರೇಡಿಯೋದಲ್ಲಿ ಕೇಳಿದ ಒಂದು ತಿರುವನ್ನು ಹಿಡಿದು, ತಮ್ಮ ಹಳೆಯ ಧಾಟಿಯೊಳಗೆ ಎಲ್ಲಿಯೋ ಸೇರಿಸಿಕೊಂಡು ಹಾಡುವುದನ್ನು ನಾನು ಕೇಳಿದ್ದೇನೆ. ಅದು ಮೂಲದಂತೆ ಇರುವುದಿಲ್ಲ. ರಾಗ ತಿಳಿದವರು ಕೇಳಿದರೆ ನಕ್ಕಾರು. ನನಗೆ ಆ ತಪ್ಪು ತಿರುವಿನಲ್ಲಿ, ಸ್ಪರ್ಧೆಯಲ್ಲಿ ಗೆದ್ದ ನಿರ್ದುಷ್ಟವಾದ ನಕಲಿಗಿಂತ ಹೆಚ್ಚು ಜೀವ ಕಾಣುತ್ತದೆ. ಏಕೆಂದರೆ ಹಾಡುವವನು ಕೇಳಿದ್ದನ್ನು ತನ್ನ ಮನೆಗೆ ಕರೆದುಕೊಂಡು ಬಂದಿದ್ದಾನೆ, ತಾನು ಅದರ ಮನೆಯಲ್ಲಿ ಅತಿಥಿಯಾಗಿ ಉಳಿದಿಲ್ಲ.

ಇಂದಿನ ಹುಡುಗನ ಕೈಯಲ್ಲಿ ಮೊಬೈಲು ಇದೆ. ಅಬ್ದುಲ್ ಕರೀಂ ಖಾನರ ಅದೇ ಠುಮ್ರಿಯನ್ನು ಅವನು ಹೊಲದ ಬದುವಿನ ಮೇಲೆ ಕುಳಿತು, ಬೇಕಾದಷ್ಟು ಸಲ ಕೇಳಬಹುದು. ಗದಗಿನ ಬಾಲಕನಿಗಿದ್ದ ಹಸಿವು ಇವನಿಗೆ ಉಂಟಾಗುವುದೇ ಎಂಬುದು ನನ್ನ ಸಂಶಯ. ಮುಗಿದೊಡನೆ ಇನ್ನೊಂದು ತಾನಾಗಿಯೇ ಮೊದಲಾಗುವ ಯಂತ್ರದಲ್ಲಿ, ಹಾಡಿನ ಬಳಿಕದ ಆ ಖಾಲಿ ಜಾಗವೇ ಸಿಕ್ಕುವುದಿಲ್ಲ. ಹುಡುಗ ತಾನೇ ಹಾಡಿಕೊಳ್ಳುವುದು ಆ ಖಾಲಿ ಜಾಗದಲ್ಲಿ. ಮತ್ತೊಂದು ಮಾತು: ಯಂತ್ರ ಎಷ್ಟು ಬೇಕಾದರೂ ಕೇಳಿಸುತ್ತದೆ, ಒಮ್ಮೆಯೂ ತಿರುಗಿ ಕೇಳುವುದಿಲ್ಲ. 'ಆ ನಿಷಾದ ಇಳೀತು, ಮತ್ತೊಮ್ಮೆ ಹೇಳು' ಎನ್ನಲು ಎದುರಿಗೆ ಒಬ್ಬ ಮನುಷ್ಯ ಬೇಕು. ಹೋಬಳಿಯ ಮಟ್ಟದಲ್ಲಿ ಅಂತಹ ಮನುಷ್ಯ ಸಿಕ್ಕುವುದು ಕಷ್ಟ. ಸಂಗೀತ ಶಿಕ್ಷಕರಿರುವ ಸರಕಾರಿ ಪ್ರೌಢಶಾಲೆಗಳು ಎಷ್ಟಿವೆ ಎಂದು ಎಣಿಸಹೊರಟರೆ ಬೆರಳುಗಳು ಮಿಗುತ್ತವೆ. ಹೀಗಾಗಿ ಹಾಡಿನ ಹುಚ್ಚು ಹಿಡಿದವನಿಗೆ ಮನೆಯವರು ಬೈಯುವುದರಲ್ಲಿ ಅರ್ಥವಿಲ್ಲದಿಲ್ಲ. ಹುಚ್ಚನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ತಿಳಿಯದ ಅಸಹಾಯಕತೆ ಆ ಬೈಗುಳದಲ್ಲಿದೆ.

ಮಾಣಿಕನಗರದ ಸಂಗೀತ ದರಬಾರಿಗೆ ನಮ್ಮ ಹಳ್ಳಿಗಳ ಹುಡುಗರು ಎಷ್ಟು ಮಂದಿ ಹೋಗುತ್ತಾರೆ? ಭಜನೆಯ ಮೇಳದಲ್ಲಿ ಹಿರಿಯರು ತಾಳ ಹಿಡಿದು ಕುಳಿತಾ, ಪಕ್ಕದಲ್ಲಿ ಒಬ್ಬ ಹುಡುಗನಿಗೆ ಜಾಗ ಬಿಟ್ಟಿರುತ್ತಾರೆಯೇ? ಭೀಮಸೇನನಿಗೆ ಮೊದಲ ಪಾಠ ಹೇಳಿದವರು ಯಾರೋ ಮಹಾವಿದ್ವಾಂಸರಲ್ಲ, ಕುರ್ತಕೋಟಿಯ ಚನ್ನಪ್ಪ ಎಂಬ ಊರ ಹಾಡುಗಾರರು. ಭೈರವ್ ಮತ್ತು ಭೀಮಪಲಾಸಿ ಅವರಿಂದ ಬಂದವು. ಗ್ವಾಲಿಯರಿನ ದಾರಿ ಕುರ್ತಕೋಟಿಯಿಂದಲೇ ಮೊದಲಾಗಿತ್ತು. ಆಗ ಗದಗಿನಲ್ಲಿ ರೈಲು ನಿಲ್ದಾಣವಿತ್ತು, ಹುಡುಗ ಹತ್ತಿ ಹೊರಟ. ಹುಮನಾಬಾದಿನ ಮೂಲಕ ಹೋಗುವ ಬೀದರ–ಕಲಬುರಗಿ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರ ಅಕ್ಟೋಬರಿನಲ್ಲಿ. ಇನ್ನು ನಮ್ಮ ಹುಡುಗರೂ ಹೊರಡಬಹುದು. ಅಂಗಿಯ ಮೇಲೆ ತಂದೆಯ ಹೆಸರು ಬರೆದುಕೊಡುವ ಮಾಸ್ತರರೊಬ್ಬರು ಮನೆಯಲ್ಲಿದ್ದರೆ.